ಸಾಧನ ಕಾಣುತ್ತಿಲ್ಲ

ನಾರಿನ್‌ನಿಂದ ಫೋನು. ಬೆಳಗಿನ ಎಂಟೂಕಾಲು.
ಬಿಷ್ಕೆಕ್‌ನ ನನ್ನ ಕಿಟಕಿಗೆ ಕಲ್ಲಿದ್ದಲ ಹೊಗೆ ಒರಗಿದೆ.
ಅಲ್ಲಿ ಮೈನಸ್ ಇಪ್ಪತ್ತಾರಂತೆ.
ದಾದಿ ಜಿಪಾರ್. ದನಿಯಲ್ಲಿ ನಿದ್ದೆಗೆಟ್ಟ ಒರಟು.
"ಚುಚ್ಚಿದೆ, ತೆಗೆದೆ, ಮತ್ತೆ ಚುಚ್ಚಿದೆ.
ಸಾಧನ ಕಾಣುತ್ತಿಲ್ಲ ಅನ್ನುತ್ತೆ.
ನನ್ನ ಕಣ್ಣೆದುರೇ ಇದೆಯಲ್ಲ, ಬೆರಳುದ್ದ,
ಇದಕ್ಕೆ ಕಾಣದೆಂದರೆ?"

ಆ ಬೆರಳುದ್ದದ ಬಿಳಿಯದು
ಲಸಿಕೆ ಡಬ್ಬಿಯೊಳಗೆ ಮುದುರಿ ಕೂತು
ಹತ್ತು ನಿಮಿಷಕ್ಕೊಮ್ಮೆ ಚಳಿಯ ಲೆಕ್ಕ ಬರೆಯುತ್ತದೆ.
ದಾರಿಯುದ್ದಕ್ಕೂ ಎರಡರಿಂದ ಎಂಟರೊಳಗೆ ಇತ್ತೇ,
ಇರಲಿಲ್ಲವೇ,
ಅದಕ್ಕೊಂದೇ ಗೊತ್ತು.
ಅದರ ಪುಟ್ಟ ಪರದೆ ಹೋದ ತಿಂಗಳೇ ಒಡೆದು ಮಸಿ.
ಬಾಯಿ ಬಿಡಿಸಬೇಕೆಂದರೆ ಈಗ
ಕಂಪ್ಯೂಟರೇ ಗತಿ, ನಮ್ಮ ತಂತ್ರಾಂಶವೇ ಗತಿ,
ಅದೂ ಕೈಕೊಟ್ಟರೆ ನಾನು.
ಹೊರಗೆ ಬೆಂಚಿನ ಮೇಲೆ ಹನ್ನೊಂದು ತಾಯಂದಿರು.

ನನ್ನದು ಕತ್ತಲಲ್ಲಿ ತಡಕುವ ಕೆಲಸ.
ಮುನ್ನೂರು ಕಿಲೋಮೀಟರಿನಾಚೆಯ ಮೇಜೊಂದನ್ನು
ಮಾತಲ್ಲೇ ಮುಟ್ಟಿನೋಡುವುದು.
ತಂತ್ರಾಂಶ ಮುಚ್ಚಿ. ತೆರೆಯಿರಿ.
ಮುಂದಿನ ಕಿಂಡಿ ಬೇಡ, ಹಿಂದಿನದಕ್ಕೆ ಹಾಕಿ.
ಹಿಂದೆ ಏನಿದೆ?
"ಧೂಳು."
ಧೂಳಿನ ಹಿಂದೆ?
"ಕಿಂಡಿ. ಆದರೆ ಮೌಸ್ ಕೂತಿದೆ."
ಮೌಸ್ ತೆಗೆದು ಅಲ್ಲಿಗೇ ಹಾಕಿ, ಆಮೇಲೆ ಎಡಗಡೆ ಒತ್ತಿ.
"ಏನನ್ನು ಒತ್ತಲಿ ಮಹಾರಾಯ, ಮೌಸ್ ಕೈಯಲ್ಲಿದೆ."
ಕ್ಷಮೆ ಕೇಳಿದೆ.

ದಾರಿಯಲ್ಲಿ ಪೆಟ್ಟೇನಾದರೂ ಬಿತ್ತೇ ಅದಕ್ಕೆ?
ಅವಳು ಆಚೆ ತಿರುಗಿ ಯಾರನ್ನೋ ಕೇಳಿದಳು.
"ತೊಲೊಗೊನ್ ಇಲ್ಲೇ ಒಲೆಯ ಬಳಿ ಇದ್ದಾನೆ.
ರಾತ್ರಿಯಿಡೀ ಓಡಿಸಿ ಬಂದವನು.
ದಾರಿ ಸರಿಯಿತ್ತಂತೆ."

ದೀಪ ಹತ್ತಿದೆಯೇ?
"ಹಸಿರು. ಚೆನ್ನಾಗಿ ಹತ್ತಿದೆ."
ಜೀವವಿದೆ, ಮಾತಿಲ್ಲ.
ಆಗ ಹೊಳೆಯಿತು.
ಆ ಕೇಬಲ್ ಎಲ್ಲಿಯದು ಜಿಪಾರ್?
"ನನ್ನ ಫೋನಿನ ಚಾರ್ಜರಿನದು.
ಬಜಾರಿನಲ್ಲಿ ಎಂಬತ್ತು ಸೊಮ್."

ಅಗ್ಗದ ಕೇಬಲಿನ ಹೊಟ್ಟೆಯಲ್ಲಿ ಎರಡೇ ಎಳೆ,
ಕರೆಂಟು ಹೋಗಿಬರಲು.
ಮಾತು ಒಯ್ಯುವ ಇನ್ನೆರಡನ್ನು
ಯಾವನೋ ಉಳಿತಾಯ ಮಾಡಿರುತ್ತಾನೆ.
ಅದು ಉಣಿಸುತ್ತೆ, ಮಾತಾಡಿಸಲ್ಲ, ಎಂದೆ.
"ನಮ್ಮತ್ತೆಯ ಹಾಗೆ," ಎಂದಳು ತಟ್ಟನೆ.
ಇಬ್ಬರೂ ನಕ್ಕೆವು.
ಒಲೆಯ ಕಡೆಯಿಂದ ನಗು ಕೇಳಿಸಲಿಲ್ಲ.

ಬೆಂಚಿನಿಂದೊಬ್ಬಳು ಎದ್ದಳಂತೆ.
ಗಂಡ ಮದುವೆಗಳ ಫೋಟೊ ತೆಗೆಯುವವನು,
ಹಳೇ ಕ್ಯಾಮೆರಾದ ಕೇಬಲ್ ಮನೆಯಲ್ಲಿದೆ ಎಂದು
ಮಗುವನ್ನು ಪಕ್ಕದವಳ ಮಡಿಲಿಗಿಟ್ಟು ಓಡಿದಳು.
ಇಪ್ಪತ್ತು ನಿಮಿಷ ನಾನು ಫೋನ್ ಇಡಲಿಲ್ಲ.
ಕೆಟಲ್ ಕುದಿಯುವುದು ಕೇಳುತ್ತ ಕೂತೆ, ಮಗುವಿನ ಬಿಕ್ಕಳಿಕೆಯನ್ನೂ.
ಬಂದ ಕೇಬಲ್ ಚಳಿಗೆ ಕಡ್ಡಿಯಂತೆ ಸೆಟೆದಿತ್ತು.
ಜಿಪಾರ್ ಅದನ್ನು ಕಂಕುಳಲ್ಲಿಟ್ಟು ಮೆತ್ತಗೆ ಮಾಡಿ
ಚುಚ್ಚಿದಳು.

ಟಣಕ್ಕೆಂದಿತು. ನನಗೂ ಕೇಳಿಸಿತು.
ಹದಿನಾರು ವರ್ಷದ ನೌಕರಿಯಲ್ಲಿ ನಾನು ಕಾದದ್ದು
ಬರೀ ಆ ಒಂದು ಟಣಕ್ಕಿಗೆ.

"ಗೆರೆ ಬಂತು!" ಅವಳು ಓದತೊಡಗಿದಳು.
ಹತ್ತಕ್ಕೆ ನಾಲ್ಕು. ಹನ್ನೊಂದಕ್ಕೆ ನಾಲ್ಕು.
ಹನ್ನೆರಡಕ್ಕೆ ಮೂರೂವರೆ.
ಒಂದೂವರೆಗೆ
ಒಂದೂವರೆಗೆ
ಓದುವುದು ನಿಂತಿತು.
"ಸೊನ್ನೆ. ಆಮೇಲೆ ಮೈನಸ್ ಒಂದು. ಮೈನಸ್ ಮೂರು.
ನಾಲ್ಕು ಗಂಟೆಯವರೆಗೂ."

ಆಗ ಮಾತಾಡಿದ ಅವನು, ದೂರದಿಂದ, ನಿಧಾನಕ್ಕೆ.
ಡೊಲೊನ್ ಕಣಿವೆಯಲ್ಲಿ ಲಾರಿ ಜಾರಿ ಹಳ್ಳಕ್ಕಿಳಿದಿತ್ತು.
ಇಬ್ಬರಿದ್ದರು, ತುಟಿ ನೀಲಿಗಟ್ಟಿತ್ತು.
ಒಳಗೆ ಜಾಗ ಬೇಕಿತ್ತು,
ಡಬ್ಬಿಯನ್ನು ಹಿಂದಕ್ಕೆ, ತಾಡಪಾಲಿನಡಿಗೆ...
ಮುಂದಿನದು ಕೇಳಿಸಲಿಲ್ಲ.

ಹೆಪ್ಪುಗಟ್ಟಿದ ಲಸಿಕೆ ನೋಡಲು ಮೊದಲಿನಂತೆಯೇ ಇರುತ್ತದೆ.
ಯಾರಿಗೂ ತಿಳಿಯುತ್ತಿರಲಿಲ್ಲ.

ಅವಳು ಹೊರಗೆ ಹೋಗಿ ಏನೋ ಹೇಳಿದಳು.
ಬೆಂಚು ನೆಲಕ್ಕೆ ಉಜ್ಜಿತು. ಬಾಗಿಲು ಬಡಿಯಿತು,
ಒಂದಾದ ಮೇಲೊಂದು, ಎಣಿಸಬಾರದೆಂದರೂ ಎಣಿಸಿದೆ, ಹತ್ತು.

ನನ್ನ ಫಾರಂ ಕೇಳುತ್ತಿತ್ತು.
ಸಾಧನ ಕಂಡಿತೇ? ಹೌದು.
ಕಾರಣ? ಕೇಬಲ್.
ಗ್ರಾಹಕರಿಗೆ ತೃಪ್ತಿಯೇ?
ಅಲ್ಲಿ ಕರ್ಸರ್ ಮಿಣುಕುತ್ತ ನಿಂತಿತು.

"ಇವಳು ಕಾಯುತ್ತಿದ್ದಾಳೆ, ಕೇಬಲ್ ವಾಪಸು ಕೊಡಬೇಕು."
ಬೇರೆಯದು ಕಳಿಸುತ್ತೇನೆ, ಎಂದೆ, ಹೊಸ ಲಸಿಕೆಯ ಜೊತೆ,
ಮುಂದಿನ ಗಾಡಿಯಲ್ಲಿ.
ಓಡಿಸುವವರು ಯಾರೆಂದು
ಅವಳು ಕೇಳಲಿಲ್ಲ.